ಹಿಮವಿಲ್ಲದ ಕಣಿವೆಯಲ್ಲಿ ಜಯ್

ಹ್ಯಾರಿಸನ್ ಪಟ್ಟಣದ ತಮ್ಮ ಅಪಾರ್ಟ್‌ಮೆಂಟಿನ ಬಾಗಿಲು ತೆರೆದ ಐಶ್ವರ್ಯಾ ಗಂಡನ ಹೆಣವನ್ನೇ ಎಡವಿದಳು. ಭೂಗೋಳದ ಪ್ರೊಫೆಸರ್ ವೀರೇಂದ್ರನ ತಲೆ ಜಜ್ಜಿಹೋಗಿತ್ತು. ಪಕ್ಕದಲ್ಲಿ ಕಬ್ಬಿಣದ ಡಂಬೆಲ್. ಗೋಡೆಯ ಮೇಲಿದ್ದ ಅಂಟಾರ್ಕ್ಟಿಕಾದ ನಕ್ಷೆಗೂ ರಕ್ತ ಸಿಡಿದಿತ್ತು.

ಸಂಜೆಯೊಳಗೆ, ಅಂದು ವೀರೇಂದ್ರನನ್ನು ನೋಡಲು ಬಂದಿದ್ದ ಯುವಕ ಆಕರ್ಷ್‌ನ ಕೈಗೆ ಕೋಳ ಬಿತ್ತು. ಮಧ್ಯಾಹ್ನ ಆ ಮನೆಯಲ್ಲಿ ಅವನು ಕೂಗಾಡಿದ್ದನ್ನು ಪಕ್ಕದವರು ಕೇಳಿದ್ದರು.

“ಯಾಕೆ ಜಗಳ?” ಡಿಟೆಕ್ಟಿವ್ ಗಗನಾ ಕೇಳಿದಳು.

“ನಮ್ಮಣ್ಣ ಜಯ್ ಹೋದ ವರ್ಷ ಅಂಟಾರ್ಕ್ಟಿಕಾದ ಹಿಮವಿಲ್ಲದ ಕಣಿವೇಲಿ ಸತ್ತ, ಮೇಡಂ. ಹೆಣ ಸಿಗಲಿಲ್ಲ. ಅವನು ಹೇಗೆ ಸತ್ತ ಅಂತ ಜಗದೀಶ್ ನಮಗೆ ಹೇಳಿದ್ದನ್ನೇ ಪ್ರೊಫೆಸರಿಗೆ ಹೇಳಿ, ಆ ಜಾಗದ ಬಗ್ಗೆ ಕೇಳಿದೆ. ಅವರು ಬಿಳಿಚಿಕೊಂಡು, ‘ನಾಳೆ ಬಾ’ ಅಂದ್ರು. ಅದಕ್ಕೇ ಕೂಗಾಡಿದೆ. ಹೊಡೀಲಿಲ್ಲ.”

ಕಣಿವೆಗೆ ಜಯ್ ಜೊತೆ ಸಂಶೋಧನೆಗೆ ಹೋಗಿದ್ದವನು ಜಗದೀಶ್ ಒಬ್ಬನೇ. ಗಗನಾ ಇಬ್ಬರು ಪೊಲೀಸರೊಂದಿಗೆ ಓಲ್ಡ್ ಬ್ರಿಡ್ಜ್ ಊರಿನ ಅವನ ಮನೆಗೆ ಹೋದಳು.

“ಜಯ್ ಹೇಗೆ ಸತ್ತರು, ಸರ್?”

“ನದಿ ದಾಟುವಾಗ ಜಾರಿದ. ನೀರು ಎಳ್ಕೊಂಡು ಹೋಯ್ತು. ಸಮುದ್ರದ ತನಕ ದಂಡೆ ಹಿಡಿದು ಓಡಿದೆ. ಸಿಗಲಿಲ್ಲ.”

“ವೀರೇಂದ್ರ ಅವರನ್ನು ಯಾವಾಗ ನೋಡಿದಿರಿ?”

“ವರ್ಷವಾಯ್ತು.”

“ಶರ್ಟಿನ ತೋಳು ಸ್ವಲ್ಪ ಮೇಲಕ್ಕೆತ್ತಿ.”

ಜಗದೀಶ್ ಹಾರಿ ಅವಳ ಕುತ್ತಿಗೆ ಅದುಮಿದ. ಟೇಬಲ್ ಉರುಳಿತು. ಗಗನಾ ಮೊಣಕಾಲಿನಿಂದ ಅವನ ಹೊಟ್ಟೆಗೆ ಗುದ್ದಿದಳು. ಪೊಲೀಸರು ಅವನನ್ನು ನೆಲಕ್ಕೆ ಕೆಡವಿದರು. ಶರ್ಟಿನ ತೋಳು ಹರಿಯಿತು— ಮುಂಗೈ ಮೇಲೆ ಹಲ್ಲಿನ ಹಸಿ ಗುರುತು.

“ವೀರೇಂದ್ರ ಅವರ ಹಲ್ಲಲ್ಲಿ ಚರ್ಮ ಸಿಕ್ಕಿತ್ತು,” ಗಗನಾ ಏದುಸಿರಿನಲ್ಲೇ ಹೇಳಿದಳು. “ಆಕರ್ಷ್ ಮೈಮೇಲೆ ಅಂಥ ಗಾಯವಿಲ್ಲ. ನಕ್ಷೆಯ ಮೇಲಿನ ರಕ್ತವನ್ನು ಎಲ್ಲರೂ ನೋಡಿದರು, ನಕ್ಷೆಯನ್ನು ಯಾರೂ ನೋಡಲಿಲ್ಲ. ಆ ಕಣಿವೆಯ ನದಿ ಸಮುದ್ರಕ್ಕೆ ಹೋಗೋದೇ ಇಲ್ಲ. ಕರಾವಳಿ ಕಡೆಯ ಹಿಮ ಕರಗಿ, ಒಳನಾಡಿನ ಸರೋವರಕ್ಕೆ ಹರಿಯುತ್ತೆ. ನಿಮ್ಮ ಕಥೆ ಆಕರ್ಷ್ ಬಾಯಲ್ಲಿ ಕೇಳಿದ ಕೂಡಲೇ ವೀರೇಂದ್ರಗೆ ಸುಳ್ಳು ಗೊತ್ತಾಯ್ತು. ನಿಮ್ಮನ್ನು ಕರೆಸಿ ಕೇಳಿದರು. ಕೊಂದಿರಿ. ಜಯ್‌ನ ಯಾಕೆ ಕೊಂದಿರಿ?”

“ರಿಸರ್ಚ್ ಪೂರ್ತಿ ತನ್ನ ಹೆಸರಲ್ಲೇ ಹಾಕ್ತೀನಿ ಅಂದ. ನನ್ನ ಕೈಯಲ್ಲಿ ಐಸ್ ಕಡಿಯೋ ಕೊಡಲಿ ಇತ್ತು.” ಜಗದೀಶ್ ರಕ್ತ ಉಗಿದ. “ಸರೋವರದ ದಂಡೇಲಿ ಹೆಣದ ಮೇಲೆ ಕಲ್ಲು ಮುಚ್ಚಿದ್ದೀನಿ.”

ಕೋಳ ಬಿಚ್ಚಿದ ಮೇಲೂ ಆಕರ್ಷ್ ಕುರ್ಚಿಯಿಂದ ಏಳಲಿಲ್ಲ.

“ಈಗ ಏನು ಉಳಿದಿರುತ್ತೆ, ಮೇಡಂ?”

“ಅಲ್ಲಿಯ ಚಳಿಗೆ, ಒಣಗಾಳಿಗೆ ಏನೂ ಕೊಳೆಯೋದಿಲ್ಲವಂತೆ. ದಾರಿ ತಪ್ಪಿ ಬಂದು ಸತ್ತ ಸೀಲ್‌ಗಳು ನೂರಾರು ವರ್ಷದಿಂದ ಹಾಗೇ ಬಿದ್ದಿವೆ. ನಿಮ್ಮಣ್ಣನ ಮುಖ ನಿಮಗೆ ಗುರುತು ಸಿಗುತ್ತೆ.”

“ಗಾಯಾನೂ ಹಾಗೇ ಇರುತ್ತಾ?”

ಗಗನಾ ಅವನ ಹೆಗಲ ಮೇಲೆ ಕೈಯಿಟ್ಟಳು. “ಅದೂ ಇರುತ್ತೆ.”