ವಿಜ್ಞಾನದ ಮೇಷ್ಟ್ರನ್ನು ‘ಇತರೆ’ಗೆ ತಳ್ಳಿದವಳು

“ನನ್ನ ನಾನೂರ ಹದಿನೇಳು ಪಾಠಗಳನ್ನ ‘ಇತರೆ’ಗೆ ಹಾಕಿದ್ದು ನೀವೇನಾ?”

ಸಂಪನ್ಮೂಲ ಕೊಠಡಿಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದವನು ಆ ಶಾಲೆಯ ವಿಜ್ಞಾನದ ಮೇಷ್ಟ್ರು. ಅಂಗಿಯ ತೋಳಿಗೆ ಯಾವುದೋ ದ್ರಾವಣದ ನೀಲಿ ಕಲೆ ಹತ್ತಿತ್ತು. ಮೇಷ್ಟ್ರುಗಳು ಕಂಪ್ಯೂಟರಿಗೆ ಹಾಕಿದ ಪಾಠಗಳಿಗೆ ವಿಷಯದ ಟ್ಯಾಗ್ ಹಚ್ಚಿ ಜೋಡಿಸುವ ಕೆಲಸಕ್ಕೆ ಅವಳು ಸೇರಿ ಎರಡು ತಿಂಗಳಾಗಿದ್ದರೂ ಇಬ್ಬರೂ ಮಾತಾಡಿದ್ದು ಇದೇ ಮೊದಲು.

ಅವಳು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

“ಹೌದು ಸರ್. ವಿಷಯ ಇಲ್ಲದ್ದೆಲ್ಲ ಅಲ್ಲಿಗೇ ಹೋಗುತ್ತೆ.”

“ನನ್ನ ಪಾಠಕ್ಕೆ ವಿಷಯ ಇಲ್ವಾ?”

“‘ಊಟ ಆದ್ಮೇಲೆ ಹೇಳೋದು’ ಅಂತ ಟ್ಯಾಗ್ ಹಾಕಿದೀರಿ. ಅದ್ಯಾವ ವಿಷಯ? ‘ಕೊನೇ ಬೆಂಚಿಗೆ’ ಅನ್ನೋದು ಯಾವ ವಿಷಯ?”

ಅವನು ನಕ್ಕು ಹೊರಟುಹೋದ.

ನಗೋದಕ್ಕೇನಿದೆ ಇದರಲ್ಲಿ...? ಅವಳ ಮೈಯೆಲ್ಲ ಉರಿದುಹೋಯಿತು.

ಅವಳ ಸಿಟ್ಟಿಗೆ ಕಾರಣವೂ ಇತ್ತು ಅನ್ನಿ. ದಿನವಿಡೀ ಮಕ್ಕಳಿಗೆ ಶಿಸ್ತು ಬೋಧಿಸುವ ಈ ಮೇಷ್ಟ್ರುಗಳಿಗೆ ತಮ್ಮದೊಂದು ಹಾಳೆಯನ್ನು ನೆಟ್ಟಗೆ ಎತ್ತಿಡಲು ಬರುವುದಿಲ್ಲ. ಪಾಠಗಳ ಹೆಸರು ನೋಡಿದರೆ ‘ಹೊಸದು’, ‘ತೀರಾ ಹೊಸದು’, ‘ಇದೇ ಕೊನೆ’! ಗಣಿತದ ಮೇಡಂ ಭಿನ್ನರಾಶಿಯ ಮೂರು ಹಾಳೆಗಳಿಗೆ ‘ಭಿನ್ನರಾಶಿ’, ‘ಲೆಕ್ಕ’, ‘ಕಷ್ಟದ್ದು’ ಎಂದು ಮೂರು ಟ್ಯಾಗ್ ಹಾಕಿದ್ದರು. ಮರುವರ್ಷ ಹುಡುಕಿ ಸಿಗದೆ ಅದೇ ಪಾಠವನ್ನು ಮತ್ತೆ ಬರೆದು, ತಮಗೆಷ್ಟು ಕೆಲಸ ಎಂದು ಎಲ್ಲರೆದುರು ನಿಟ್ಟುಸಿರು ಬಿಟ್ಟಿದ್ದರು.

ಹಾಗಾಗಿ ಅವಳು ಇನ್ನೂರ ನಲವತ್ತು ಪದಗಳ ಒಂದು ಪಟ್ಟಿ ಮಾಡಿದಳು. ಒಂದು ವಿಷಯಕ್ಕೆ ಒಂದೇ ಪದ. ‘ಉಷ್ಣ’ ಎಂದರೆ ‘ಉಷ್ಣ’ ಮಾತ್ರ. ಶಾಖ, ಕಾವು, ಬಿಸಿ, ಯಾವುದೂ ನಡೆಯದು. ಇನ್ನು ಮೇಲೆ ಮೇಷ್ಟ್ರುಗಳು ತಮ್ಮ ಹೊಸ ಪಾಠಗಳಿಗೆ ಈ ಪಟ್ಟಿಯ ಪದವನ್ನೇ ಹಾಕಬೇಕು. ಪಟ್ಟಿಯನ್ನು ಮುಖ್ಯೋಪಾಧ್ಯಾಯಿನಿ ಓದದೆಯೇ ಮೆಚ್ಚಿಕೊಂಡರು. ಏನನ್ನಾದರೂ ಓದಿ ಮೆಚ್ಚುವ ಅಭ್ಯಾಸ ಅವರಿಗಿರಲಿಲ್ಲ.

ಅವಳ ಕೆಲಸ ಒಂದು ವರ್ಷದ ಮಟ್ಟಿಗೆ. ವರ್ಷದ ಕೊನೆಗೆ ಆಡಳಿತ ಸಮಿತಿ ಬಂದು ಮನಸ್ಸಿಗೆ ತೋಚಿದ ವಿಷಯ ಕೇಳುತ್ತದೆ. ಆ ವಿಷಯದ ಪಾಠಗಳು ತಕ್ಷಣ ಸಿಕ್ಕರೆ ಅವಳು ಖಾಯಂ.

ಖಾಯಂ ಆದರೆ ಅವಳಿಗೆ ತನ್ನದೇ ಒಂದು ಬಾಡಿಗೆ ಕೋಣೆ. ಈಗ ಅವಳು ಮಲಗುವುದು ಅಕ್ಕನ ಮನೆಯ ಹಾಲಿನ ಸೋಫಾದಲ್ಲಿ. ಬೆಳಿಗ್ಗೆ ಭಾವ ಪೇಪರ್ ಹಿಡಿದು ಅವಳ ಕಾಲ ಬುಡದಲ್ಲೇ ಕೂತು, ಇನ್ನೂ ಖಾಯಂ ಆಗಲಿಲ್ವಾ ಎಂದು ಬಲು ಪ್ರೀತಿಯಿಂದ ವಿಚಾರಿಸುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಇಷ್ಟಾದರೂ ಒಂದು ಮಾತು ಹೇಳಲೇಬೇಕು. ಉಳಿದವರ ಹಳೆಯ ಕಸವನ್ನೆಲ್ಲ ಅವಳು ತೆರೆದು ಓದಿ ಸರಿಯಾದ ಟ್ಯಾಗ್ ಹಾಕಿದ್ದಳು. ವಿಜ್ಞಾನದ ಮೇಷ್ಟ್ರದ್ದು ಮಾತ್ರ ತೆರೆಯಲಿಲ್ಲ. ಆ ಟ್ಯಾಗ್‌ಗಳು ತನ್ನನ್ನೇ ಅಣಕಿಸಿದಂತೆ ಕಂಡಿದ್ದವು. ತಿರಸ್ಕಾರಕ್ಕೆ ಹೆಚ್ಚು ಪುರುಸೊತ್ತು ಬೇಕಾಗುವುದಿಲ್ಲ. ಅಷ್ಟನ್ನೂ ಒಟ್ಟಿಗೆ ಆರಿಸಿ ಒಂದು ಗುಂಡಿ ಒತ್ತಿದ್ದಳು, ಅಷ್ಟೆ.

ಯಾರು ಯಾವ ಟ್ಯಾಗ್ ಬದಲಿಸಿದರೆಂದು ಕಂಪ್ಯೂಟರ್ ದಾಖಲೆ ಇಡುತ್ತಿತ್ತು. ತಿಂಗಳುಗಳೇ ಕಳೆದರೂ ದಿನಾ ಬೆಳಿಗ್ಗೆ ಅದರಲ್ಲಿ ಅವನದೇ ಹೆಸರು. ಐದು ಬದಲಾವಣೆ, ಎಂಟು ಬದಲಾವಣೆ...

ಸೇಡು ತೀರಿಸ್ಕೊತಿದಾನೆ. ನನ್ನ ಪಟ್ಟಿ ಹಾಳು ಮಾಡ್ತಿದಾನೆ!

ವರ್ಷ ಮುಗಿಯುತ್ತ ಬಂದಾಗ ಅವಳು ಮುಖ್ಯೋಪಾಧ್ಯಾಯಿನಿಗೆ ದೂರು ಕೊಟ್ಟಳು. ಅವರು ಒಂದೂ ಪ್ರಶ್ನೆ ಕೇಳದೆ, ಅವನು ಟ್ಯಾಗ್ ಮುಟ್ಟದಂತೆ ಮಾಡಿಸಿದರು. ಮರುದಿನ ಅವನು ಮತ್ತೆ ಬಾಗಿಲಲ್ಲಿ ನಿಂತ.

“ಏನು ಬದಲಾಯಿಸಿದೀನಿ ಅಂತ ತೆಗೆದು ನೋಡಿದ್ರಾ?”

“ಅದರ ಅಗತ್ಯ ಇಲ್ಲ ಸರ್.”

ಈ ಸಲ ಅವನು ನಗಲಿಲ್ಲ. ತಲೆಯಾಡಿಸಿ ಹೋದ. ಗೆದ್ದೆ ಅಂದುಕೊಂಡರೂ ಮಧ್ಯಾಹ್ನದವರೆಗೂ ಅವಳಿಗೆ ಯಾಕೋ ಕೆಲಸ ಸಾಗಲಿಲ್ಲ.

ಎರಡೇ ವಾರ. ಇಡೀ ಸಂಗ್ರಹ ಕುಲಗೆಟ್ಟುಹೋಯಿತು. ‘ಉಷ್ಣ’ ಎಂದು ಹುಡುಕಿದರೆ ಹೊಸ ಪಾಠ ಒಂದೂ ಇಲ್ಲ. ‘ಭಿನ್ನರಾಶಿ’ ಎಂದರೆ ಓಟದ ಸ್ಪರ್ಧೆಯ ಫೋಟೊ. ಸಮಿತಿ ಬರಲು ನಾಲ್ಕೇ ದಿನ ಬಾಕಿ.

ಇಷ್ಟು ದಿನ ಸರಿಯಾಗೇ ಇತ್ತಲ್ಲ...? ಅವಳು ದಾಖಲೆ ತೆರೆದು, ಮೊದಲ ಬಾರಿಗೆ ಒಂದೊಂದೇ ಸಾಲು ಓದಿದಳು.

‘ಕಷ್ಟದ್ದು’ ಅಳಿಸಿ ‘ಭಿನ್ನರಾಶಿ’. ‘ಕಾವು’ ಅಳಿಸಿ ‘ಉಷ್ಣ’. ಸಾವಿರದ ನೂರ ಇಪ್ಪತ್ತಾರು ಬದಲಾವಣೆಗಳು. ಬೇರೆ ಮೇಷ್ಟ್ರುಗಳು ಪಟ್ಟಿ ನೋಡದೆ ಹೊಸದಾಗಿ ಸುರಿದ ಕಸವನ್ನೆಲ್ಲ ಅವನು ಮೊದಲ ಗಂಟೆ ಬಾರಿಸುವ ಮುಂಚೆಯೇ ಬಂದು ಅವಳ ಪಟ್ಟಿಯ ಪದಕ್ಕೆ ತಿದ್ದಿದ್ದ. ತನ್ನ ನಾನೂರ ಹದಿನೇಳರಲ್ಲಿ ಒಂದನ್ನೂ ಮುಟ್ಟಿರಲಿಲ್ಲ.

ಅವಳು ‘ಕೊನೇ ಬೆಂಚಿಗೆ’ ಎಂಬುದನ್ನು ತೆರೆದಳು. ಅದು ಶಬ್ದದ ಬಗೆಗಿನ ಪಾಠ. ಮೇಷ್ಟ್ರ ದನಿ ಕೊನೇ ಬೆಂಚು ತಲುಪುವ ಹೊತ್ತಿಗೆ ಎಷ್ಟು ಕುಗ್ಗುತ್ತದೆಂದು ಮಕ್ಕಳೇ ಅಳೆದು ಬರೆಯಬೇಕು. ಅಷ್ಟು ಚೆಂದದ ಪಾಠವನ್ನು ಅವಳು ಆ ಶಾಲೆಯಲ್ಲಿ ಓದಿರಲಿಲ್ಲ. ತೆರೆದು ನೋಡುವುದೇ ತನ್ನ ಕೆಲಸ ಎಂದು ಜಂಬಪಡುತ್ತಿದ್ದವಳು ಅವಳು. ನಾಚಿಕೆಯಿಂದ ಅವಳಿಗೆ ಅಳು ಬಂತು.

ಮುಖ್ಯೋಪಾಧ್ಯಾಯಿನಿಗೆ ಹೇಳಿ ಅವನ ಮೇಲಿನ ತಡೆ ತೆಗೆಸಿದಳು. ಅವರು ಈಗಲೂ ಏನೂ ಕೇಳಲಿಲ್ಲ. ಆಮೇಲೆ ಪ್ರಯೋಗಾಲಯಕ್ಕೆ ಹೋದಳು. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ.

“ನಿಮ್ಮ ಪಾಠಗಳಿಗೆ ಟ್ಯಾಗ್ ಹಾಕ್ತಿದೀನಿ. ಕೊನೇ ಬೆಂಚಿನದಕ್ಕೆ ‘ಶಬ್ದ’ ಅಂತ ಹಾಕ್ಲಾ ಸರ್?”

“ಹಾಕಿ,” ಎಂದ. ಅವಳ ಕೆಂಪಾದ ಕಣ್ಣು ನೋಡಿ, ಮುಂದೆ ಏನನ್ನೂ ಕೆದಕಲಿಲ್ಲ.

ಮೂರು ದಿನ ಮಧ್ಯಾಹ್ನ ಇಬ್ಬರೂ ಅಕ್ಕಪಕ್ಕ ಕೂತು ಓದಿದರು, ತಿದ್ದಿದರು. ಅವಳ ಪಟ್ಟಿಯಲ್ಲಿ ‘ನೆರಳು’ ಇಲ್ಲವೆಂದು ಅವನು ಒಮ್ಮೆ ಜಗಳವಾಡಿದ. ಅವಳು ಸೋತಳು, ಸೋತದ್ದು ಹಿತವೆನಿಸಿತು. ಇದೇನಾಗ್ತಿದೆ ನಂಗೆ...?

ಸಮಿತಿ ಬಂತು. ಒಂದೇ ಬೆರಳಲ್ಲಿ ಟೈಪು ಮಾಡುವ ಅಧ್ಯಕ್ಷರು ಕೇಳಿದ ಮೂರೂ ವಿಷಯಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕವು. ಎಲ್ಲ ಈ ಹುಡುಗಿ ಒಬ್ಬಳದೇ ಶ್ರಮ ಎಂದು ಮುಖ್ಯೋಪಾಧ್ಯಾಯಿನಿ ಬೀಗಿದರು. ಅವಳು ಸುಮ್ಮನಿದ್ದರೆ ಸಾಕಿತ್ತು. ಹಿಂದೆ ನಿಂತಿದ್ದ ಅವನು ಕಿಟಕಿಯಾಚೆ ನೋಡುತ್ತಿದ್ದ. ಅವನಂತೂ ಬಾಯಿ ಬಿಡುವವನಲ್ಲ.

“ಒಬ್ಬಳದಲ್ಲ,” ಎಂದಳು ಅವಳು. “ವರ್ಷವೆಲ್ಲ ಇದನ್ನ ಸರಿಯಾಗಿಟ್ಟಿದ್ದು ವಿಜ್ಞಾನದ ಸರ್. ನಾನು ತೆಗೆದೂ ನೋಡದೆ ಅವರ ಮೇಲೆ ದೂರು ಕೊಟ್ಟೆ. ಅವರ ಪಾಠಗಳನ್ನ ಮೂಲೆಗೆ ತಳ್ಳಿದ್ದೂ ನಾನೇ.”

ಸಮಿತಿ ಅವಳ ಪ್ರಾಮಾಣಿಕತೆಯನ್ನು ಬಾಯ್ತುಂಬ ಹೊಗಳಿತು, ಖಾಯಂ ಮಾಡಲಿಲ್ಲ. ಇನ್ನೊಂದು ವರ್ಷ ನೋಡೋಣವಂತೆ! ಸಮಿತಿಗಳ ಮೆಚ್ಚುಗೆಯ ಹಣೆಬರಹವೇ ಇಷ್ಟು.

ಸಂಜೆ ಅವನು ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದ.

“ಯಾಕೆ ಹೇಳೋಕೆ ಹೋದ್ರಿ ಮೇಡಂ? ಖಾಯಂ ಆಗ್ತಿತ್ತಲ್ಲ.”

“ಇನ್ನೊಂದು ವರ್ಷ ಸೋಫಾ ಮೇಲೆ ಮಲಗ್ತೀನಿ, ಬಿಡಿ. ನಾನು ನಿಮ್ಮನ್ನ ಅಷ್ಟು ಕೀಳಾಗಿ ಕಂಡ್ರೂ ನೀವ್ಯಾಕೆ ದಿನಾ ಬಂದು ತಿದ್ತಿದ್ರಿ?”

“ನಿಮ್ಮ ಪಟ್ಟಿ ಪೂರ್ತಿ ಓದಿದ್ದೆ. ಈ ಶಾಲೇಲಿ ಒಬ್ಬರಾದ್ರೂ ಮನಸ್ಸಿಟ್ಟು ಕೆಲಸ ಮಾಡ್ತಿದಾರೆ ಅನ್ನಿಸ್ತು. ಆಮೇಲೆ... ಬರೀ ಪಟ್ಟಿಗೋಸ್ಕರ ಬರ್ತಿರ್ಲಿಲ್ಲ.”

ಇನ್ನೂರ ನಲವತ್ತು ಪದ ಆರಿಸಿಟ್ಟವಳಿಗೆ ಈಗ ನೆಟ್ಟಗೆ ನಾಲ್ಕು ಸಿಗಲಿಲ್ಲ.

“ನೀವಂದ್ರೆ ನಂಗೆ ಇಷ್ಟ,” ಎಂದಳು. “ತುಂಬಾ.”

ಅವನ ಕೈ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು. ಅವಳೇ ಮುಂದೆ ಬಂದು ನಿಲ್ಲಿಸಿದಳು. ಅವನು ಒದ್ದೆ ಕೈಯಲ್ಲೇ ಅವಳ ಬೆರಳುಗಳನ್ನು ಹಿಡಿದುಕೊಂಡ.

“ನಾಳೆ ಬೆಳಿಗ್ಗೆ ಬೇಗ ಬರ್ತೀರಾ?”

“ಎಷ್ಟು ಗಂಟೆಗೆ?”

“ನಾನು ಏಳಕ್ಕೆಲ್ಲ ಬಂದಿರ್ತೀನಿ. ಇಷ್ಟು ದಿನ ಒಬ್ಬನೇ ಕೂತಿರ್ತಿದ್ದೆ.”

“ಬರ್ತೀನಿ,” ಎಂದಳು ಅವಳು.