ಶಂಖಪುಷ್ಪದ ನೀಲಿ ಶಾಲು

"ಇದು ಚಿತ್ರ ಅಲ್ಲ ಕಣ್ರೀ, ಲಿಟ್ಮಸ್ ಪೇಪರ್!"

ಚಿತ್ರಗಾರ್ತಿಯ ಕುಂಚ ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿ ಬಿಳಿ ಕೋಟಿನವನೊಬ್ಬ. ಮೇಲಿನ ಮಹಡಿಯ ಲ್ಯಾಬಿನ ರಸಾಯನಶಾಸ್ತ್ರಜ್ಞ. ಕಣ್ಣೆಲ್ಲ ಅವಳು ಹಚ್ಚುತ್ತಿದ್ದ ಶಂಖಪುಷ್ಪದ ನೀಲಿಯ ಮೇಲೆ.

"ಹುಳಿ ಸೋಕಿದ್ರೆ ನೇರಳೆ, ಕ್ಷಾರ ಸೋಕಿದ್ರೆ ಹಸಿರು. ಹೂವಿನ ಬಣ್ಣ ನಂಬೋ ಹಾಗಿಲ್ಲ."

"ನಂಬಿ ಅಂತ ನಿಮ್ಮನ್ನ ಯಾರು ಬೇಡ್ಕೊಂಡ್ರು?"

ಅಂದಿನಿಂದ ಅವನಿಗೆ 'ಲಿಟ್ಮಸ್' ಎಂಬ ಹೆಸರು ಅಂಟಿಕೊಂಡಿತು. ಅವನೋ, ಬಣ್ಣ ಸೋಸಲು ಫಿಲ್ಟರ್ ಕಾಗದ, ಹೂ ಅರೆಯಲು ಕಲ್ಲಿನ ಬಟ್ಟಲು ಎಂದು ದಿನಕ್ಕೊಂದು ನೆಪ ಹಿಡಿದು ಇಳಿದು ಬರುತ್ತಿದ್ದ. ಜಗಳವಾಡದ ದಿನ ಅವಳಿಗೆ ಊಟವೇ ಸೇರುತ್ತಿರಲಿಲ್ಲ!

ಚಿತ್ರದಲ್ಲಿದ್ದವಳು ಅಮ್ಮ, ನೀಲಿ ಶಾಲು ಹೊದ್ದು. ಆ ನೀಲಿಗಾಗಿ ಅಮ್ಮನೇ ಮೂರು ತಿಂಗಳು ಬಾಲ್ಕನಿಯ ಬಳ್ಳಿಯಿಂದ ಹೂ ಕಿತ್ತಿದ್ದಳು. ಮಗಳ ಮೊದಲ ಪ್ರದರ್ಶನಕ್ಕೆ ಆಯ್ಕೆಯಾದ ಒಂದೇ ಒಂದು ಚಿತ್ರ ಅದು.

ಪ್ರದರ್ಶನದ ಹಿಂದಿನ ಸಂಜೆ ಲಿಟ್ಮಸ್ ಗಾಜಿನ ಪೆಟ್ಟಿಗೆಯೊಂದನ್ನು ತಂದುಕೊಟ್ಟ.

"ಧೂಳು, ತೇವ ತಾಗಬಾರದು ನೋಡಿ... ನಾನೇ ಮಾಡಿದ್ದು."

ಅವನ ಕಿವಿ ಕೆಂಪಾಗಿತ್ತು.

ರಾತ್ರಿ ಅವಳು ಚಿತ್ರವನ್ನು ಅದರೊಳಗಿಟ್ಟಳು. ಬೆಳಿಗ್ಗೆ ನೋಡಿದರೆ ಚಿತ್ರದಲ್ಲಿ ಅಮ್ಮನ ಶಾಲು ನೇರಳೆ!

ಅವಳು ಹೊರಗೆ ಓಡಿದಳು. ಮೆಟ್ಟಿಲಲ್ಲಿ ಎದುರಾದವನನ್ನು ಅಲ್ಲೇ ನಿಲ್ಲಿಸಿದಳು.

"ನಂಬೋ ಹಾಗಿಲ್ಲ ಅಂದಿದ್ರಲ್ಲ... ಅದನ್ನ ಸಾಬೀತು ಮಾಡೋಕೆ ಈ ಪೆಟ್ಟಿಗೆನಾ?"

ಅವನ ಮುಖ ಬಿಳುಚಿತು. ತಿರುಗಿ ಮೇಲಕ್ಕೆ ಓಡಿಬಿಟ್ಟ.

'ಹಾಗಾದ್ರೆ ನಿಜಾನೇ...' ಅವಳು ಒಳಗೆ ಬಂದು ಚಿತ್ರದ ಮುಂದೆ ಕುಳಿತಳು. ನಾಲ್ಕು ಗಂಟೆಗೆ ಪ್ರದರ್ಶನ!

ಅಮ್ಮ ಪೆಟ್ಟಿಗೆಯೊಳಗೆ ಮೂಗು ತೂರಿಸಿದಳು. "ಇದೇನೇ ವಿನೆಗರ್ ವಾಸನೆ?"

"ಅಂಟಿಂದು ಅಮ್ಮಾ!" ಕೈಯಲ್ಲಿ ಬಾಟಲಿ ಹಿಡಿದು ಅವನು ಏದುಸಿರು ಬಿಡುತ್ತ ಬಂದಿದ್ದ. "ಗಾಜು ಕೂಡಿಸಿದ ಅಂಟು ಒಣಗೋವರೆಗೂ ಹುಳಿ ಆವಿ ಬಿಡುತ್ತೆ. ಎರಡು ದಿನ ಕಾಯಬೇಕಿತ್ತು, ಅವಸರ ಮಾಡ್ದೆ. ಹುಳಿ ಬಗ್ಗೆ ಭಾಷಣ ಬಿಗಿದವನೇ ಹುಳಿ ಹಿಂಡಿದೆ!"

"ಎರಡು ತಿಂಗಳಿಂದ ನಮ್ಮ ಕಾಫಿ ಕುಡಿದಿದ್ದಕ್ಕೆ ಇದೇನಪ್ಪ?" ಎಂದಳು ಅಮ್ಮ.

ಮಗಳು ತಲೆ ತಗ್ಗಿಸಿದಳು. 'ಛೆ! ಕೇಳದೆಯೇ ಏನೆಲ್ಲ ಅಂದುಬಿಟ್ಟೆ...'

ಅವನು ಹತ್ತಿಯನ್ನು ಬಾಟಲಿಯಲ್ಲಿದ್ದ ಅಮೋನಿಯಾ ಕ್ಷಾರದಲ್ಲಿ ಅದ್ದಿ, ಮೊದಲು ಅದೇ ಬಣ್ಣ ಹಚ್ಚಿ ಹುಳಿ ತಾಗಿಸಿದ ಚೂರು ಕಾಗದದ ಮೇಲೆ ಹಿಡಿದ. ನೇರಳೆ ನೀಲಿಯಾಯಿತು!

"ಈಗ ಚಿತ್ರ. ಹೆಚ್ಚಾದ್ರೆ ಹಸಿರಾಗುತ್ತೆ. ಸಾಕು ಅಂತ ನೀವೇ ಹೇಳ್ಬೇಕು. ನಿಮ್ಮ ನೀಲಿ ನಿಮಗೇ ಗೊತ್ತು."

ಹತ್ತಿ ಚಿತ್ರಕ್ಕೆ ತಾಗದಂತೆ ಮೆಲ್ಲಗೆ ಸಾಗಿತು. ಅದರ ಹಿಂದೆಯೇ ಭುಜದಿಂದ ಮಡಿಕೆ ಮಡಿಕೆಯಾಗಿ ನೀಲಿ ಇಳಿದು ಬಂತು.

"ಅಯ್ಯೋ... ಸಾಕು, ಸಾಕು!"

ಶಾಲಿನ ಅಂಚು ಆಗಲೇ ತುಸು ಹಸಿರಾಗಿತ್ತು.

"ಯಾಕೆ ತಡ ಮಾಡಿದ್ರಿ?" ಎಂದ.

"ನಾನು... ಶಾಲು ನೋಡ್ತಾ ಇರ್ಲಿಲ್ಲ."

"ಮತ್ತೇನು ನೋಡ್ತಿದ್ರಿ?"

"ವಿಜ್ಞಾನಿಯಂತೆ!" ಎಂದು ಗೊಣಗುತ್ತ ಅಮ್ಮ ಒಳಗೆ ಹೋದಳು. "ಅಂಚು ಹಸಿರಾಗೇ ಇರ್ಲಿ ಕಣೆ, ಚೆನ್ನಾಗಿದೆ!"

ಇಬ್ಬರೇ ಉಳಿದರು.

"ಬೆಳಿಗ್ಗೆ ಅಂದಿದ್ದು ತಪ್ಪಾಯ್ತು," ಎಂದಳು.

"ನಂದೂ ಒಂದು ತಪ್ಪಿದೆ. ದಿನಾ ಇಳಿದು ಬರ್ತಿದ್ದದ್ದು ಬಣ್ಣ ನೋಡೋಕಲ್ಲ..."

"ಗೊತ್ತು, ಲಿಟ್ಮಸ್."

"ಹೇಗೆ?"

"ನಾನು ಹತ್ತಿರ ಬಂದ್ರೆ ನಿಮ್ಮ ಕಿವಿ ಕೆಂಪಾಗುತ್ತೆ."