ಏಳನೆಯ ಚೀಲದ ಮಣ್ಣು

ಫೆಬ್ರವರಿ ಹನ್ನೆರಡು, ಬುಧವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಶಿಗ್ಗಾವಿ ಠಾಣೆಗೆ ಬಂದದ್ದು ಎರಡು ಕಿಲೋ ಮಣ್ಣಿನ ದೂರು. ಇನ್‌ಸ್ಪೆಕ್ಟರ್ ಸುಶೀಂದ್ರ ಅದನ್ನು ಎರಡು ಸಲ ಓದಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಮ್ಮೆ, ಮೋಟರು, ದೇವರ ಕಿರೀಟ ಎಲ್ಲ ಹುಡುಕಿಕೊಟ್ಟಿದ್ದರು. ಮಣ್ಣಿಗಾಗಿ ಯಾರೂ ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ.

"ಮಣ್ಣು ಕಳುವಾಗ್ಯದೇನು?"

"ಬದಲಾಗ್ಯದ ಸರ್," ಎಂದಳು ಪ್ರಿಯಂವದಾ.

ಕೆಟ್ಟ ನೆಲವನ್ನು ಮತ್ತೆ ಬಳಕೆಗೆ ತರುವ ಯೋಜನೆಯ ಅಧಿಕಾರಿ ಆಕೆ. ಶಿಗ್ಗಾವಿಯಿಂದ ಹಿರೇಕೆರೂರಿನವರೆಗೆ ಅಂಥ ಒಂಬತ್ತು ಜಾಗ ಅವಳ ಕಡತದಲ್ಲಿದ್ದವು. ದುಂಡಸಿ ಹತ್ತಿರ ಇಪ್ಪತ್ತು ವರ್ಷದ ಹಿಂದೆ ಮುಚ್ಚಿದ ಕೀಟನಾಶಕ ಕಾರ್ಖಾನೆಯ ಆರು ಎಕರೆ ಅವುಗಳಲ್ಲೊಂದು. ಅಲ್ಲಿ ಬೋರ್ ಕೊರೆಸಿ, ತರಕಾರಿ ಬೆಳೆಯಲು ಹೆಂಗಸರ ಸಂಘಕ್ಕೆ ಕೊಡುವುದಿತ್ತು. ಮೊದಲ ಕಾಯಿಪಲ್ಲೆ ಊರ ಅಂಗನವಾಡಿಗೆ. ಹನ್ನೆರಡು ಗುಂಡಿ ತೋಡಿ, ಹನ್ನೆರಡು ಚೀಲ ತುಂಬಿ, ಪಂಚರ ಮುಂದೆ ಬಾಯಿ ಹೊಲಿದು ಪ್ರಯೋಗಾಲಯಕ್ಕೆ ಕಳಿಸಿದ್ದರು. ಹನ್ನೊಂದು ಶುದ್ಧ. ಏಳನೆಯದರಲ್ಲಿ ಮಾತ್ರ ವಿಷ, ಅದೂ ಮಿತಿಗಿಂತ ನಾನೂರು ಪಟ್ಟು.

"ಯಾರೋ ಬೇಕಂತ ಹಾಕ್ಯಾರ. ಇಪ್ಪತ್ತನೇ ತಾರೀಖು ಹಸ್ತಾಂತರ ಅದ ಸರ್. ಮೂರು ವರ್ಷ ಓಡಾಡೇನಿ ಇದಕ್ಕ."

ಹನ್ನೊಂದೂ ಐದಕ್ಕೆ ಎಫ್‌ಐಆರ್ ಆಯಿತು. ಎರಡು ಕೊಲೆ ಪ್ರಕರಣ ಮೇಜಿನ ಮೇಲೆ ಬಾಕಿ ಇರುವಾಗ, ಈ ಮಣ್ಣಿಗಾಗಿ ಸಂಜೆಯೊಳಗೆ ಮೇಲಿನಿಂದ ಮೂರು ಫೋನು ಬಂದವು. ಮೂರನೆಯದಕ್ಕೆ ಸುಶೀಂದ್ರ "ಆತು ಸರ್" ಎಂದು ಹೇಳಿ, ಫೋನನ್ನು ಖಾನೆಯೊಳಗೆ ಹಾಕಿ ಮುಚ್ಚಿದರು.

ಗುರುವಾರ ಮಧ್ಯಾಹ್ನ ಚೀಲಗಳು ಬಂದವು. ಹೆಡ್ ಕಾನ್‌ಸ್ಟೆಬಲ್ ಅಫ್ಜಲ ಹುಲಗೂರಿನ ಒಕ್ಕಲುತನದ ಮನೆಯವನು; ಬೆಳಿಗ್ಗೆಯೇ ದುಂಡಸಿಗೆ ಹೋಗಿ ಗುಂಡಿಗಳನ್ನು ನೋಡಿ ಬಂದಿದ್ದ. ಕೈಗವಸು ಹಾಕಿಕೊಂಡು ಏಳನೆಯದನ್ನು ಪೇಪರಿನ ಮೇಲೆ ಸುರಿದ.

"ಇದು ಎರಿ ಅಲ್ರಿ ಸಾಹೇಬ್ರ. ಮಸಾರಿ, ಕೆಂಪು ಮಣ್ಣು. ಏಳನೇ ಗುಂಡಿ ಇರೂದು ಕರೇ ಎರಿಯೊಳಗ."

"ಅಲ್ಲೆ ಮಸಾರಿ ಎಲ್ಲಿ ಅದ?"

"ಹಳ್ಳದ ಕಡೆ ಮೂಲಿಯಾಗ ಅಷ್ಟ ಐತ್ರಿ. ಅಲ್ಲೆ ಗುಂಡಿ ತೋಡಿಲ್ಲ."

ಸುಶೀಂದ್ರ ಚೀಲವನ್ನೇ ನೋಡುತ್ತಿದ್ದರು. ಉಳಿದ ಹನ್ನೊಂದರ ಬಾಯಿ ನೇರ ಹೊಲಿಗೆ. ಇದರ ಎರಡೂ ಮೂಲೆಯಲ್ಲಿ ಮಾತ್ರ ಕಿವಿ ಬಿಟ್ಟಿತ್ತು. ಹಮಾಲರು ಹಿಡಿದೆತ್ತಲೆಂದು ಕ್ವಿಂಟಲ್ ಚೀಲಕ್ಕೆ ಬಿಡುತ್ತಾರಲ್ಲ, ಅಂಥ ಕಿವಿ.

"ಎರಡು ಕಿಲೋ ಎತ್ತಲಿಕ್ಕೆ ಯಾವ ಹಮಾಲ ಬೇಕೋ ಅಫ್ಜಲ?"

"ಕೈಗೆ ರೂಢಿ ಬಿದ್ದಿರತೈತ್ರಿ. ಹಂತಾವ್ರಿಗೆ ಬ್ಯಾರೆ ಥರ ಹೊಲಿಯಾಕ ಬರೂದಿಲ್ಲ."

ಮಾದರಿ ತೆಗೆದ ದಿನದ ಪಂಚನಾಮೆ ತರಿಸಿದರು. ಇಬ್ಬರು ಪಂಚರಲ್ಲಿ ಒಬ್ಬ ಶಂಕ್ರಪ್ಪ, ಅರವತ್ತೆಂಟು ವರ್ಷ, ಅದೇ ಕಾರ್ಖಾನೆಯಲ್ಲಿ ಚೀಲ ಹೊಲಿಯುತ್ತಿದ್ದವನು. ಜೀಪು ಬರುವ ತನಕ ಚೀಲಗಳು ಅರ್ಧ ದಿನ ಇದ್ದದ್ದೂ ಅವನ ಪಡಸಾಲೆಯಲ್ಲೇ. ಕಾವಲಿಗಿಟ್ಟವನೇ ಬಿಚ್ಚಿದ್ದ. ಸುಶೀಂದ್ರ ಹಣೆ ಹಣೆ ಬಡಿದುಕೊಂಡರು.

ಶುಕ್ರವಾರ ನಾಲ್ಕು ಗಂಟೆಗೆ ದುಂಡಸಿ, ಶಂಕ್ರಪ್ಪನ ಪಡಸಾಲೆ.

"ಚೀಲ ಬಿಚ್ಚಿದವರು ನೀವಽ ಏನು?"

"ಹೌದ್ರಿ. ಕುಂದರ್ರಿ."

"ಯಾರು ಹೇಳಿ ಮಾಡಿಸಿದ್ರು?"

"ಯಾರೂ ಇಲ್ರಿ."

"ಮಣ್ಣು ಎಲ್ಲೀದು?"

"ಹಳ್ಳದ ಮೂಲೀದ್ರಿ. ಅಲ್ಲೆ ಔಷಧದ ಡ್ರಮ್ಮು ಅದಾವು, ನಲವತ್ತೊಂದು. ಕಾರ್ಖಾನಿ ಮುಚ್ಚೋ ವಾರ ನಾನೂ ಮಾರೆಪ್ಪನೂ ಹೂತೇವಿ. ಅಂವ ಹ್ವಾದ ವರ್ಷ ತೀರ್ಕೊಂಡ. ಜಾಗ ಗೊತ್ತಿದ್ದಾಂವ ನಾನೊಬ್ಬನ ಈಗ."

"ಮೊದಲಽ ಹೇಳಬೇಕಿಲ್ಲೇನ್ರಿ?"

ಶಂಕ್ರಪ್ಪ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದ. ಯೋಜನಾ ಕಚೇರಿಗೆ ಮೂರು ವರ್ಷದಲ್ಲಿ ಕೊಟ್ಟ ಐದು ಅರ್ಜಿ, ಐದು ಉತ್ತರ. ಎಲ್ಲದರಲ್ಲೂ ಒಂದೇ ಸಾಲು: ನಕ್ಷೆಯಲ್ಲಿ ಸದರಿ ಮೂಲೆ ಖಾಲಿ ಇರುತ್ತದೆ.

"ಬಾಯಿಲೆ ಹೇಳಿದ್ರ ಕಾಗದ ಕೊಡು ಅಂದ್ರು. ಕಾಗದ ಕೊಟ್ರ, ಮಣ್ಣು ಏನ್ ಹೇಳತೈತಿ ನೋಡೂಣು ಅಂದ್ರು. ಅದಕ್ಕ ಮಣ್ಣ ಕೊಟ್ನಿರಿ."

ಸುಶೀಂದ್ರರಿಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಹೊರಗೆ ಬಂದು ಪ್ರಿಯಂವದಾಗೆ ಫೋನು ಮಾಡಿದರು.

"ಒಪ್ಪಿಕೊಂಡ್ರಲ್ಲ, ಸಾಕು ಸರ್. ಏಳನೇ ಗುಂಡೀದಷ್ಟ ಮತ್ತ ಪರೀಕ್ಷಾ ಮಾಡಿಸ್ತೇವಿ."

"ಆ ಮೂಲಿ?"

"ನಕ್ಷೆದಾಗ ಅದು ಖಾಲಿ ಅದಲ್ಲ ಸರ್."

ಐದೂ ನಲವತ್ತಕ್ಕೆ ಶಂಕ್ರಪ್ಪನನ್ನು ಬಂಧಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತೆಂದು ಸುಶೀಂದ್ರರಿಗೂ ಗೊತ್ತಿತ್ತು. ಜೀಪು ಹತ್ತುವಾಗ ಅಫ್ಜಲನಿಗೆ ಹೇಳಿದರು, "ಅರ್ಜಿ ಕೊಟ್ಟವ ತೋರಿಸಿದ ಜಾಗ ಯಾರೂ ನೋಡಲಿಲ್ಲ. ಆರೋಪಿ ತೋರಿಸಿದ್ದನ್ನ ನಾವು ನೋಡಲಿಕ್ಕೇಬೇಕು. ನಾಳೆ ಇಬ್ಬರು ಪಂಚರು, ನಾಲ್ಕು ಗುದ್ದಲಿ."

ಶನಿವಾರ ಬೆಳಿಗ್ಗೆ ಹನ್ನೊಂದು. ಶಂಕ್ರಪ್ಪ ಹಳ್ಳದ ಮೂಲೆಗೆ ನಡೆದು, ಕಾಲಿನಿಂದ ಗೆರೆ ಎಳೆದ. ಪ್ರಿಯಂವದಾ ನಕ್ಷೆ ಹಿಡಿದು ನಿಂತಿದ್ದಳು. ನಾಲ್ಕು ಅಡಿಗೆ ಗುದ್ದಲಿ ಕಬ್ಬಿಣಕ್ಕೆ ಬಡಿಯಿತು. ಘಾಟು ಮೇಲೆದ್ದು ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಒಂದು ಡ್ರಮ್ಮು, ಪಕ್ಕಕ್ಕೆ ಇನ್ನೊಂದು. ಅಫ್ಜಲ ಎಣಿಸುವುದನ್ನು ಒಂಬತ್ತಕ್ಕೆ ನಿಲ್ಲಿಸಿ ಅಗೆತ ಬಂದ್ ಮಾಡಿಸಿದ.

"ಬೋರ್ ಪಾಯಿಂಟು ಇಲ್ಲಿಂದ ಮೂವತ್ತ ಹೆಜ್ಜಿ," ಎಂದಳು ಪ್ರಿಯಂವದಾ. ಆಮೇಲೆ ಯಾರಿಗೋ ಫೋನು ಮಾಡಿ, ಇಪ್ಪತ್ತನೇ ತಾರೀಖಿನದು ರದ್ದು ಎಂದು ಹೇಳಿದಳು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಸುಶೀಂದ್ರ ಕೊನೆಯ ಪ್ರಶ್ನೆ ಕೇಳಿದರು. ಕೃತ್ಯಕ್ಕೆ ಪ್ರೇರಣೆ ಏನು? ಶಂಕ್ರಪ್ಪ ಹೇಳಿದ್ದನ್ನು ಸುಶೀಂದ್ರ ಸರ್ಕಾರಿ ಭಾಷೆಗೆ ತಿರುಗಿಸದೆ ಹಾಗೆಯೇ ಬರೆದರು:

"ನಾ ಹೂತಿದ್ದನ್ನ ಕೂಸುಗಳು ಉಣಬಾರದು."